ತೊಡೆಯ ಸುತ್ತಳತೆಯಲ್ಲಿ ಆಟಗಾರ ಸಿಗುವುದಿಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹುಡುಗರ ಫುಟ್‌ಬಾಲ್ ತಂಡ ಆರಿಸುವಾಗ ಮೊದಲು ಕಣ್ಣು ಹೋಗುವುದು ಕಾಲಿನ ಮೇಲೆ. ಚೆಂಡು ಇನ್ನೂ ಚೀಲದಲ್ಲೇ ಇರುತ್ತದೆ, ತೀರ್ಪು ಆಗಲೇ ಆಗಿರುತ್ತದೆ. 'ಅವನ ತೊಡಿ ನೋಡ್ರಿ ಹೆಂಗ ಅದಾವ, ಅವನ್ನ ಹಿಂದ ನಿಂದರಸ್ರಿ' ಎಂದು ಒಬ್ಬನಿಗೆ ಜಾಗ ಸಿಗುತ್ತದೆ. 'ಇವನ್ವು ಕಡ್ಡಿ ಕಾಲು, ಇಂವ ಎಲ್ಲಿ ತಡೀತಾನು' ಎಂದು ಇನ್ನೊಬ್ಬನನ್ನು ಗೆರೆಯಾಚೆ ಕೂರಿಸುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಊರ ಹಿರಿಯರು ಹೇಳುತ್ತಾರೆ, ಹಳೆಯ ಆಟಗಾರರು ಹೇಳುತ್ತಾರೆ, ಎಷ್ಟೋ ಸಲ ಪಿ.ಟಿ. ಮಾಸ್ತರರೂ ತಲೆದೂಗುತ್ತಾರೆ. ದಪ್ಪ ಕಾಲಿಗೆ ಕಸುವು ಹೆಚ್ಚು, ದಪ್ಪ ಕಾಲಿಗೆ ತಾಳಿಕೆ ಹೆಚ್ಚು ಎಂಬುದು ನಮ್ಮ ಭಾಗದಲ್ಲಿ ಯಾರೂ ಕೆದಕದೆ ಉಳಿದುಬಂದ ನಂಬಿಕೆ.

ಈ ನಂಬಿಕೆ ತಪ್ಪು. ಕಾಲಿನ ದಪ್ಪಕ್ಕೂ ಫುಟ್‌ಬಾಲಿಗೆ ಬೇಕಾದ ಕಸುವಿಗೂ ಇರುವ ನಂಟು ತೀರ ಸಡಿಲ. ದಪ್ಪಕ್ಕೂ ತಾಳಿಕೆಗೂ ಇರುವ ನಂಟು ಅದಕ್ಕಿಂತ ಸಡಿಲ. ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಕಟ್ಟೆಯ ಮೇಲಿನ ಹರಟೆ ಎಂದು ಬಿಡಬಹುದಿತ್ತು. ಆದರೆ ಇದು ಮಕ್ಕಳ ಮೇಲೆ ಪ್ರಯೋಗವಾಗುತ್ತಿದೆ. ಆಡಬಲ್ಲ ಹುಡುಗನನ್ನು ಹೊರಗಿಡುತ್ತಿದೆ, ಆಯ್ಕೆಯಾದ ಹುಡುಗನ ಕಾಲನ್ನೂ ಕೆಡಿಸುತ್ತಿದೆ. ಆದ್ದರಿಂದ ಇದನ್ನು ಬೇರಿನಿಂದಲೇ ಹಿಡಿದು ಪರೀಕ್ಷಿಸಬೇಕು.

ಬೇರು ಇರುವುದು ಕುಸ್ತಿಯ ಕಣದಲ್ಲಿ. ಇದು ತಾಲೀಮಿನ ನಾಡು. ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಕುಸ್ತಿ ಬೇಕೇ ಬೇಕು. ಹಳ್ಳಿಯ ಜಾತ್ರೆಗಳಲ್ಲಿ ಕುಸ್ತಿಯ ಜೊತೆಗೆ ಭಾರದ ಕಲ್ಲು, ತುಂಬಿದ ಚೀಲ ಎತ್ತುವ ಪಂದ್ಯಗಳೂ ನಡೆಯುತ್ತವೆ. ಸಂಗೊಳ್ಳಿ ರಾಯಣ್ಣನ ನೆನಪಿರುವ ಈ ನೆಲದಲ್ಲಿ ಮೈಕಟ್ಟಿಗೆ ಗೌರವವಿದೆ, ಅದು ಇರಲಿ. ಆದರೆ ಕುಸ್ತಿಯವರು ಕಾಲನ್ನು ದಪ್ಪದಿಂದ ಅಳೆದರು ಎನ್ನುವುದೇ ಅರ್ಧ ಸತ್ಯ. ತೊಡೆ ತಟ್ಟಿದಾಗ ಅದರ ಗಾತ್ರ ಕಂಡು ಬೆರಗಾಗುವವರು ಕಣದ ಸುತ್ತ ಕೂತ ಜನ. ತಾಲೀಮಿನ ಒಳಗೆ ವಸ್ತಾದ ನೋಡುವುದೇ ಬೇರೆ. ಹುಡುಗ ಎಷ್ಟು ದಂಡ ಹೊಡೆದ, ಎಷ್ಟು ಬೈಠಕ್ ತೆಗೆದ, ಕೊನೆಯ ಬೈಠಕ್ಕಿನಲ್ಲೂ ಬೆನ್ನು ನೆಟ್ಟಗಿತ್ತೇ, ಎದುರಾಳಿ ಮೈಮೇಲೆ ಬಿದ್ದಾಗ ಕಾಲು ಎಲ್ಲಿ ಊರಿದ, ಇವು ಅವನ ಲೆಕ್ಕ. ತೊಡೆಗೆ ಟೇಪು ಸುತ್ತಿ ಶಿಷ್ಯನನ್ನು ಆರಿಸುವುದು ತಾಲೀಮಿನ ರೀತಿಯಲ್ಲ. ಅಂದಮೇಲೆ ಪ್ರೇಕ್ಷಕರ ಬೆರಗನ್ನು ತಾಲೀಮಿನ ಜ್ಞಾನವೆಂದು ಫುಟ್‌ಬಾಲ್ ಮೈದಾನಕ್ಕೆ ತಂದಿದ್ದೇವೆ.

ಕುಸ್ತಿಯಲ್ಲೇ ಇದಕ್ಕೆ ದೊಡ್ಡ ಉತ್ತರವಿದೆ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಖಾಶಾಬಾ ದಾದಾಸಾಹೇಬ್ ಜಾಧವ್. ನಮಗೆ ದೂರದವರಲ್ಲ, ಸಾತಾರಾ ಜಿಲ್ಲೆಯ ಕರಾಡದ ಹತ್ತಿರದ ಗೋಳೇಶ್ವರದವರು, ಕೊಲ್ಹಾಪುರದ ಕುಸ್ತಿಯಲ್ಲಿ ಬೆಳೆದವರು. 1952ರ ಹೆಲ್ಸಿಂಕಿಯಲ್ಲಿ ಅವರು ಕಂಚು ಗೆದ್ದದ್ದು 57 ಕಿಲೋ ವರ್ಗದಲ್ಲಿ. ಆ ಸಣ್ಣ ಮೈಯ ಪೈಲ್ವಾನ ಗೆದ್ದದ್ದು ಚುರುಕಿನಿಂದ, ಪಟ್ಟುಗಳ ಮೇಲಿನ ಹಿಡಿತದಿಂದ. ಗಾತ್ರವೇ ಎಲ್ಲವನ್ನೂ ಹೇಳುವಂತಿದ್ದರೆ ಅವರು ಮನೆಯಿಂದಲೇ ಹೊರಡುವಂತಿರಲಿಲ್ಲ.

ಇನ್ನು ದೇಹದ ಲೆಕ್ಕಕ್ಕೆ ಬರೋಣ. ಎದುರು ವಾದದಲ್ಲಿ ಇರುವ ನಿಜವನ್ನು ಮೊದಲು ಒಪ್ಪಿಕೊಳ್ಳಬೇಕು. ಸ್ನಾಯುವಿನ ಅಡ್ಡಗಾತ್ರ ಹೆಚ್ಚಿದ್ದರೆ ಅದು ಹುಟ್ಟಿಸಬಲ್ಲ ಗರಿಷ್ಠ ಬಲವೂ ಸಾಮಾನ್ಯವಾಗಿ ಹೆಚ್ಚು. ಇದು ಶರೀರಶಾಸ್ತ್ರ ಒಪ್ಪಿದ ಮಾತು. ಆದರೆ ಹೊರಗಿನಿಂದ ಕಾಣುವ ಕಾಲು ಬರೀ ಸ್ನಾಯುವಲ್ಲ. ಚರ್ಮ, ಕೊಬ್ಬು, ಎಲುಬು, ಸ್ನಾಯು ಎಲ್ಲ ಸೇರಿ ಆ ಸುತ್ತಳತೆ. ಅದರಲ್ಲಿ ಯಾವುದು ಎಷ್ಟು ಎಂದು ಕಣ್ಣು ಹೇಳಲಾರದು, ಟೇಪೂ ಹೇಳಲಾರದು. ಅಷ್ಟೇ ಗಾತ್ರದ ಸ್ನಾಯು ಇಬ್ಬರಲ್ಲಿದ್ದರೂ ಅದನ್ನು ನರಗಳು ಎಷ್ಟು ಚೆನ್ನಾಗಿ ಎಬ್ಬಿಸುತ್ತವೆ ಎಂಬುದರಲ್ಲಿ ಇಬ್ಬರಿಗೂ ವ್ಯತ್ಯಾಸವಿರುತ್ತದೆ. ಹೊಸದಾಗಿ ವ್ಯಾಯಾಮ ಶುರುಮಾಡಿದವರಿಗೆ ಮೊದಲ ಕೆಲವು ವಾರಗಳಲ್ಲಿ ಬಲ ಏರುತ್ತದೆ, ಗಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆ ಬಲ ಬಂದದ್ದು ನರಗಳ ಕಲಿಕೆಯಿಂದ. ಕಸುವು ಬಂದರೆ ಕಾಲು ತುಸು ದಪ್ಪವಾಗಬಹುದು. ಕಾಲು ದಪ್ಪವಾಗಿದೆ ಎಂದಮಾತ್ರಕ್ಕೆ ಕಸುವು ಬಂದಿದೆ ಎನ್ನಲಾಗದು. ಈ ಎರಡು ಮಾತುಗಳನ್ನು ಒಂದೇ ಎಂದುಕೊಂಡಲ್ಲಿಯೇ ತಪ್ಪು ಹುಟ್ಟಿದೆ.

ಇನ್ನೊಂದು ಮುಖ್ಯ ಸಂಗತಿ ಇದೆ. ಆಟಗಾರ ಹೊರಬೇಕಾದದ್ದು ತನ್ನದೇ ತೂಕವನ್ನು. ಮೈ ದೊಡ್ಡದಾದಂತೆ ಸ್ನಾಯುವಿನ ಅಡ್ಡಗಾತ್ರ ಏರುವುದಕ್ಕಿಂತ ಬೇಗ ತೂಕ ಏರುತ್ತದೆ. ಹಾಗಾಗಿ ತೂಕಕ್ಕೆ ಹೋಲಿಸಿದ ಬಲ ಸಣ್ಣ ಮೈಯವರಲ್ಲೇ ಹೆಚ್ಚು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕಿಲೋ ವರ್ಗದ ನಯೀಮ್ ಸುಲೈಮಾನೊಗ್ಲು 190 ಕಿಲೋ ಭಾರವನ್ನು ತಲೆಯ ಮೇಲೆ ಎತ್ತಿದ. ಅದು ಅವನ ತೂಕದ ಮೂರು ಪಟ್ಟಿಗಿಂತ ಹೆಚ್ಚು. ಅವನ ಎತ್ತರ ಐದಡಿಯೂ ಇರಲಿಲ್ಲ. ಭಾರ ಎತ್ತುವ ಆಟದಲ್ಲೇ ಹೀಗಿರುವಾಗ, 90 ನಿಮಿಷದಲ್ಲಿ 10 ಕಿಲೋಮೀಟರಿಗೂ ಹೆಚ್ಚು ಓಡಬೇಕಾದ, ಮತ್ತೆ ಮತ್ತೆ ನಿಂತು ತಿರುಗಿ ಜಿಗಿಯಬೇಕಾದ ಆಟದಲ್ಲಿ ಗಾತ್ರದ ಮಾತು ಎಷ್ಟು ನಿಲ್ಲುತ್ತದೆ? ಓಡುವವನಿಗೆ ಕಾಲಿನ ತೂಕವೂ ಹೊರೆಯೇ. ಅದು ಪಾದದ ಕಡೆಗೆ ಇಳಿದಷ್ಟೂ ಬೀಸುವುದು ಕಷ್ಟ. ಪ್ರತಿ ಬೂಟಿಗೆ 100 ಗ್ರಾಂ ತೂಕ ಹೆಚ್ಚಿದರೆ ಓಟಕ್ಕೆ ತಗಲುವ ಶಕ್ತಿ ಸುಮಾರು ಶೇ 1ರಷ್ಟು ಏರುತ್ತದೆಂದು ಅಳೆದು ನೋಡಿದ್ದಾರೆ. ದೂರದ ಓಟದಲ್ಲಿ ಜಗತ್ತನ್ನು ಆಳುವ ಕೆನ್ಯಾ, ಇಥಿಯೋಪಿಯಾದವರ ಮೀನಖಂಡ ತೆಳ್ಳಗಿರುವುದು ಅವರ ಕೊರತೆಯಲ್ಲ, ಅನುಕೂಲ.

ತಾಳಿಕೆಯ ವಿಷಯದಲ್ಲಿ ಈ ನಂಬಿಕೆ ಇನ್ನೂ ಬೇಗ ಮುರಿದುಬೀಳುತ್ತದೆ. ಫುಟ್‌ಬಾಲಿನಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಕಾಡುವ ಗಾಯ ತೊಡೆಯ ಹಿಂಭಾಗದ ಸ್ನಾಯುವಿನದು, ಆಟಗಾರರು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರಲ್ಲ, ಅದು. ಯೂರೋಪಿನ ದೊಡ್ಡ ಕ್ಲಬ್‌ಗಳನ್ನು 2001ರಿಂದ ಹಿಂಬಾಲಿಸಿದ ಯಾನ್ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಒಟ್ಟು ಗಾಯಗಳಲ್ಲಿ ಇದರ ಪಾಲು ಎರಡು ದಶಕದಲ್ಲಿ ಶೇ 12ರಿಂದ ಶೇ 24ಕ್ಕೆ ಏರಿತು. ವ್ಯಾಯಾಮದ ಯಂತ್ರ, ವೈದ್ಯರು, ಆಹಾರತಜ್ಞರು ಎಲ್ಲ ಇದ್ದ ಕಡೆಯೇ ಹೀಗಾಯಿತು. ಈ ಸ್ನಾಯು ಹರಿಯುವುದು ಬಹುಮಟ್ಟಿಗೆ ಜೋರು ಓಟದಲ್ಲಿ, ಮುಂದೆ ಬೀಸಿದ ಕಾಲು ನೆಲ ಮುಟ್ಟುವ ಮುಂಚಿನ ಗಳಿಗೆಯಲ್ಲಿ. ಆಗ ಸ್ನಾಯು ಉದ್ದಕ್ಕೆ ಎಳೆದುಕೊಳ್ಳುತ್ತಲೇ ಕಾಲಿನ ಬೀಸನ್ನು ತಡೆಯಬೇಕು. ನಾವು ಮುಂದೆ ನಿಂತು ನೋಡಿ ಮೆಚ್ಚುವುದು ತೊಡೆಯ ಮುಂಭಾಗವನ್ನು. ಗಾಯ ಕಾದು ಕುಳಿತಿರುವುದು ಹಿಂಭಾಗದಲ್ಲಿ.

ಹಾಗಾದರೆ ಯಾರಿಗೆ ಗಾಯವಾಗುತ್ತದೆ ಎಂದು ಮುಂಚೆ ಹೇಳುವುದು ಹೇಗೆ? ವರ್ಷಗಟ್ಟಲೆ ನಡೆದ ಅಧ್ಯಯನಗಳು ಎತ್ತಿ ಹೇಳುವ ಮೊದಲ ಸೂಚನೆ ಹಿಂದಿನ ಗಾಯ. ಒಮ್ಮೆ ಹರಿದ ಜಾಗ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಜೊತೆಗೆ ವಯಸ್ಸು, ದಣಿವು, ಎಳೆತವನ್ನು ತಡೆಯುವ ಬಲದ ಕೊರತೆ ಸೇರಿಕೊಳ್ಳುತ್ತವೆ. 'ತಮ್ಮಾ, ಹಿಂದ ಎಲ್ಲಿ ನೋವಾಗಿತ್ತು? ಎಷ್ಟು ದಿನ ಬಿಟ್ಟು ಮತ್ತ ಆಡಾಕ ಬಂದಿ?' ಎಂಬ ಎರಡು ಪ್ರಶ್ನೆಗೆ ಇರುವ ಬೆಲೆ ಸುತ್ತಳತೆಗಿಲ್ಲ. ಆ ಪ್ರಶ್ನೆಯನ್ನು ನಮ್ಮ ಮೈದಾನಗಳಲ್ಲಿ ಕೇಳುವವರು ತೀರ ವಿರಳ.

ಬ್ರೆಜಿಲ್‌ನ ರೊನಾಲ್ಡೊನನ್ನು ನೆನೆಯಿರಿ. ಅವನ ತೊಡೆಗಿಂತ ತುಂಬಿದ ತೊಡೆ ಆ ಕಾಲದ ಆಟದಲ್ಲಿ ಹುಡುಕಬೇಕಿತ್ತು. 1999ರ ನವೆಂಬರಿನಲ್ಲಿ ಅವನ ಮೊಣಕಾಲಿನ ತಂತು ಹರಿಯಿತು. ಚಿಕಿತ್ಸೆ ಮುಗಿಸಿ 2000ದ ಏಪ್ರಿಲ್‌ನಲ್ಲಿ ಲಾಜಿಯೊ ವಿರುದ್ಧ ಕಣಕ್ಕಿಳಿದ ಕೆಲವೇ ನಿಮಿಷಗಳಲ್ಲಿ ಅದೇ ಮೊಣಕಾಲು ಮತ್ತೆ ಕೈಕೊಟ್ಟಿತು. ದಪ್ಪ ತೊಡೆಯೇ ಗಾಯಕ್ಕೆ ಕಾರಣ ಎನ್ನುವುದು ನನ್ನ ವಾದವಲ್ಲ. ಆ ತೊಡೆ ಮೊಣಕಾಲನ್ನು ಕಾಯಲಿಲ್ಲ, ಅಷ್ಟು ಸಾಕು. 2002ರಲ್ಲಿ ಅವನು ಎದ್ದುಬಂದು ವಿಶ್ವಕಪ್‌ನಲ್ಲಿ 8 ಗೋಲು ಹೊಡೆದದ್ದರ ಹಿಂದೆ ತಿಂಗಳುಗಟ್ಟಲೆ ತಾಳ್ಮೆಯಿಂದ ಮಾಡಿದ ಚಿಕಿತ್ಸೆ, ವ್ಯಾಯಾಮ ಇತ್ತು.

ಎದುರು ಪಕ್ಷದವರು ರಾಬರ್ಟೊ ಕಾರ್ಲೋಸ್‌ನ ಹೆಸರು ತೆಗೆಯುತ್ತಾರೆ. 1997ರಲ್ಲಿ ಫ್ರಾನ್ಸ್ ವಿರುದ್ಧ ಅವನು ಬಾರಿಸಿದ ಫ್ರೀಕಿಕ್ ಗೋಡೆಯನ್ನು ಬಳಸಿ ತಿರುಗಿ ಬಲೆಗೆ ಹೊಕ್ಕಿತು, ಅವನ ತೊಡೆಗಳೂ ಹೆಸರಾದವು. ಆದರೆ ಆ ಚೆಂಡು ತಿರುಗಿದ್ದು ತೊಡೆಯ ಗಾತ್ರದಿಂದಲ್ಲ. ಪಾದದ ಹೊರ ಅಂಚು ಚೆಂಡಿನ ಯಾವ ಬದಿಗೆ, ಯಾವ ಕೋನದಲ್ಲಿ, ಎಷ್ಟು ವೇಗದಿಂದ ತಗಲಿತು ಎಂಬುದರಿಂದ. ಒಬ್ಬನ ಉದಾಹರಣೆಯಿಂದ ನಿಯಮ ಮಾಡುವುದಾದರೆ ಗರಿಂಚಾನನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಅವನ ಕಾಲುಗಳು ಸೊಟ್ಟ, ಒಂದು ಕಾಲು ಇನ್ನೊಂದಕ್ಕಿಂತ ಹಲವು ಸೆಂಟಿಮೀಟರ್ ಗಿಡ್ಡ. ನಮ್ಮ ತಾಲ್ಲೂಕು ಆಯ್ಕೆಯಲ್ಲಿ ಅವನು ಒಂದು ನಿಮಿಷವೂ ಉಳಿಯುತ್ತಿರಲಿಲ್ಲ. ಅವನು ಬ್ರೆಜಿಲ್‌ಗೆ 1958 ಮತ್ತು 1962ರ ಎರಡು ವಿಶ್ವಕಪ್ ಗೆಲ್ಲಿಸಿದ ತಂಡಗಳಲ್ಲಿದ್ದ. ಅವನೂ ಪೆಲೆಯೂ ಒಟ್ಟಿಗೆ ಆಡಿದ ಪಂದ್ಯವನ್ನು ಬ್ರೆಜಿಲ್ ಒಂದೂ ಸೋಲಲಿಲ್ಲ. ಕ್ರೊಯೇಷಿಯಾದ ಲೂಕಾ ಮೊಡ್ರಿಚ್ ಸಣಕಲು ಮೈಯವನು. 2018ರಲ್ಲಿ ಬ್ಯಾಲನ್ ಡಿ'ಓರ್ ಪಡೆದ, 2012ರಿಂದ 2025ರವರೆಗೆ ರಿಯಲ್ ಮ್ಯಾಡ್ರಿಡ್‌ನಂಥ ಕ್ಲಬ್ಬಿನಲ್ಲಿ ಆಡಿದ. ತಾಳಿಕೆ ಎಂದರೆ ಇದೇ ಅಲ್ಲವೇ?

ದೂರ ಯಾಕೆ ಹೋಗಬೇಕು? ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದವರು. ಬರಿಗಾಲಿನಲ್ಲಿ ಚೆಂಡನ್ನು ಆಡಿಸುವ ಜಾಣ್ಮೆಯಿಂದಲೇ ಅವರು ಕಲ್ಕತ್ತದವರೆಗೆ ಮನೆಮಾತಾದರು. ಬೆಂಗಳೂರು ಎಫ್‌ಸಿಯ ಸುನಿಲ್ ಛೇಟ್ರಿ 2005ರಲ್ಲಿ ಭಾರತದ ಅಂಗಿ ತೊಟ್ಟವರು. ಗಿಡ್ಡ ಆಳು, ಸಪೂರ ಮೈ. 2024ರ ಜೂನ್‌ನಲ್ಲಿ ವಿದಾಯ ಹೇಳುವಾಗ ಅವರ ಅಂತರರಾಷ್ಟ್ರೀಯ ಗೋಲುಗಳು 94. ಮರುವರ್ಷ 40 ದಾಟಿದ ಮೇಲೆ ದೇಶದ ತಂಡಕ್ಕೆ ಮತ್ತೆ ಕರೆಸಿಕೊಂಡರು. ಅವರ ತಾಳಿಕೆಯ ಹಿಂದೆ ಊಟ, ನಿದ್ದೆ, ವ್ಯಾಯಾಮದಲ್ಲಿ ಅವರು ಪಾಲಿಸಿದ ಕಟ್ಟುನಿಟ್ಟು ಇದೆ.

ಸವದತ್ತಿಯ ಜನಕ್ಕಂತೂ ತಾಳಿಕೆಯ ಪಾಠವನ್ನು ಹೊರಗಿನವರು ಹೇಳಬೇಕಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಬರುವವರ ಕಾಲು ನೋಡಿ. ಹೊಲದಲ್ಲಿ ಸವೆದ ತೆಳ್ಳನೆಯ ಕಾಲಿನ ಮುದುಕಿಯರು ತಲೆಯ ಮೇಲೆ ಬುತ್ತಿ ಹೊತ್ತು ದಿನಗಟ್ಟಲೆ ನಡೆದು ಗುಡ್ಡ ಹತ್ತುತ್ತಾರೆ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ ಕಣ್ಣೆದುರಿಗೇ ಇರುವುದರಿಂದ ಸೈನ್ಯ ಸೇರುವ ಕನಸು ನಮ್ಮ ಹಳ್ಳಿಯ ಎಷ್ಟೋ ಹುಡುಗರಿಗೆ ಇದೆ. ನಸುಕಿನಲ್ಲಿ ಎದ್ದು ರಸ್ತೆಯ ಮೇಲೆ ಓಡುತ್ತಾರೆ. ಭರ್ತಿಯಲ್ಲಿ ಎತ್ತರ ಅಳೆಯುತ್ತಾರೆ, ಎದೆ ಅಳೆಯುತ್ತಾರೆ. ಕಾಲಿನ ವಿಷಯಕ್ಕೆ ಬಂದರೆ 1.6 ಕಿಲೋಮೀಟರ್ ಓಡಿಸುತ್ತಾರೆ, 9 ಅಡಿಯ ಹಳ್ಳ ಹಾರಿಸುತ್ತಾರೆ, ಕಿರಿದಾದ ಹಲಗೆಯ ಮೇಲೆ ಸಮತೋಲ ನೋಡುತ್ತಾರೆ. ತೊಡೆಯ ಸುತ್ತಳತೆಗೆ ಅಲ್ಲಿ ಅಂಕವಿಲ್ಲ. ದೇಶ ಕಾಯುವವನ ಕಾಲನ್ನು ಅದರ ಕೆಲಸದಿಂದ ಅಳೆಯುವುದನ್ನು ಒಪ್ಪಿಕೊಂಡ ನಾವು, ಚೆಂಡು ಒದೆಯುವವನ ಕಾಲನ್ನು ಮಾತ್ರ ನೋಟದಿಂದ ಅಳೆಯುವುದು ಯಾವ ನ್ಯಾಯ?

ಈ ನಂಬಿಕೆಯಿಂದ ಹೆಚ್ಚು ಪೆಟ್ಟು ತಿನ್ನುವವರು 14 ವರ್ಷದೊಳಗಿನ ಮಕ್ಕಳು. ಆ ವಯಸ್ಸಿನಲ್ಲಿ ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬ ಆಗಲೇ ಬಲಿತಿರುತ್ತಾನೆ, ಇನ್ನೊಬ್ಬನಿಗೆ ಬೆಳವಣಿಗೆಯ ಜೋರು ಇನ್ನೂ ಶುರುವಾಗಿರುವುದಿಲ್ಲ. ವರ್ಷದ ಲೆಕ್ಕದಲ್ಲಿ ಸಮಾನರು, ಮೈಯ ಲೆಕ್ಕದಲ್ಲಿ ಮೂರ್ನಾಲ್ಕು ವರ್ಷದ ಅಂತರ. ಬೇಗ ಬಲಿತವನ ತೊಡೆ ದಪ್ಪ ಇರುವುದು ಸಹಜ. ಅದು ಅವನ ಪ್ರತಿಭೆಯ ಗುರುತಲ್ಲ, ಪ್ರಾಯ ಬೇಗ ಬಂದದ್ದರ ಗುರುತು. ಆಯ್ಕೆಯ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಕಿರಿಯರ ತಂಡಗಳಲ್ಲಿ ತುಂಬಿಕೊಳ್ಳುವುದನ್ನು ಫುಟ್‌ಬಾಲ್ ಆಡುವ ಅನೇಕ ದೇಶಗಳಲ್ಲಿ ಗಮನಿಸಿದ್ದಾರೆ. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲಿ ಹೊರಬಿದ್ದ ಮಗುವಿಗೆ ಜಿಲ್ಲೆ, ವಿಭಾಗ, ರಾಜ್ಯ ಎಂಬ ಮುಂದಿನ ಮೆಟ್ಟಿಲುಗಳೇ ಇಲ್ಲ. ತಡವಾಗಿ ಬೆಳೆಯುವವನು 17ಕ್ಕೆ ಬಂದಾಗ ಮೈ ತುಂಬಿಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಅವನು ಆಟವನ್ನೇ ಬಿಟ್ಟಿರುತ್ತಾನೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ತಂಡಕ್ಕೆ ನಮ್ಮ ಮಲಪ್ರಭೆಯ ದಂಡೆಯಿಂದ ಆಟಗಾರರು ಹೋಗಬೇಕಾದರೆ ದಾರಿ ಶುರುವಾಗುವುದು ಈ ತಾಲ್ಲೂಕು ಆಯ್ಕೆಯಿಂದಲೇ.

ಆಯ್ಕೆಯಾದ ದಪ್ಪ ಕಾಲಿನ ಹುಡುಗನಿಗೂ ಒಳ್ಳೆಯದಾಗುವುದಿಲ್ಲ. 'ಅವನಿಗೇನಾಗ್ತದ, ಗಟ್ಟಿ ಅದಾನ' ಎಂದು ಬೆಳಗ್ಗೆ ಕಬಡ್ಡಿಗೆ, ಮಧ್ಯಾಹ್ನ ಫುಟ್‌ಬಾಲಿಗೆ, ಸಂಜೆ ಓಟಕ್ಕೆ ಅವನನ್ನೇ ಇಳಿಸುತ್ತಾರೆ. ಮೈ ಕಾಯಿಸುವುದಕ್ಕೆ ಬಿಡುವಿಲ್ಲ, ನೋವು ಹೇಳಿಕೊಂಡರೆ ನಂಬುವವರಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಗಂಟಾಗಿ ನೋಯುವುದು ಆಡುವ ಹುಡುಗರಲ್ಲಿ ಸಾಮಾನ್ಯ. ವಿಶ್ರಾಂತಿ ಕೊಟ್ಟರೆ ಬಹುಪಾಲು ತಾನೇ ಇಳಿಯುತ್ತದೆ. ಗಟ್ಟಿ ಎಂಬ ಹೆಸರು ಬಿದ್ದವನಿಗೆ ಆ ವಿಶ್ರಾಂತಿಯೂ ಸಿಗುವುದಿಲ್ಲ.

ಹೆಣ್ಣುಮಕ್ಕಳ ಮೇಲೆ ಇದೇ ಕಣ್ಣು ತಿರುಗಿ ಕೆಲಸ ಮಾಡುತ್ತದೆ. ಹುಡುಗನ ಕಾಲು ತೆಳ್ಳಗಿದೆ ಎಂದು ಬಿಡಿಸುವವರೇ, ಆಡಿದರೆ ಹುಡುಗಿಯ ಕಾಲು ದಪ್ಪವಾಗುತ್ತದೆ ಎಂದು ಅವಳನ್ನೂ ಬಿಡಿಸುತ್ತಾರೆ. ಕಿತ್ತೂರಿನಲ್ಲಿ 1969ರಿಂದ ರಾಣಿ ಚನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಇದೆ. ಆ ಊರಿನ ಸುತ್ತಲಿನ ಮನೆಗಳಲ್ಲಿ ಈ ಅಂಜಿಕೆ ಉಳಿದಿರುವುದು ಸಂಕಟದ ಸಂಗತಿ. ಫುಟ್‌ಬಾಲ್ ಆಡುವ ಹುಡುಗಿಯರಿಗೆ ಮೊಣಕಾಲಿನ ಒಳಗಿನ ಅಡ್ಡತಂತು ಹರಿಯುವ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅವರಿಗೆ ಬೇಕಾದದ್ದು ಕಾಲನ್ನು ಬಲಪಡಿಸುವ, ಜಿಗಿದು ಸರಿಯಾಗಿ ಇಳಿಯುವುದನ್ನು ಕಲಿಸುವ ವ್ಯಾಯಾಮ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಿಗೆ 20 ನಿಮಿಷದ ಅಂಥ ಒಂದು ಕ್ರಮವನ್ನು ಅಭ್ಯಾಸದ ಮುನ್ನ ಮಾಡಿಸಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು. ಅದಕ್ಕೆ ಬೇಕಾದದ್ದು ಮೈದಾನ, ಚೆಂಡು ಮತ್ತು ಕಲಿಸುವವರ ಶ್ರದ್ಧೆ.

'ಪುಸ್ತಕದ ಮಾತು ಬ್ಯಾರೆ, ಅನುಭವದ ಕಣ್ಣು ಬ್ಯಾರೆ' ಎಂಬ ಉತ್ತರ ಬರುತ್ತದೆ. ಅನುಭವಕ್ಕೆ ನಾನು ತಲೆಬಾಗುತ್ತೇನೆ. ಆದರೆ ಎತ್ತು ಕೊಳ್ಳುವ ಅನುಭವಿ ರೈತ ಬರೀ ಕಾಲಿನ ದಪ್ಪ ನೋಡಿ ರೊಕ್ಕ ಎಣಿಸುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಕೊನೆಗೆ ನೊಗಕ್ಕೆ ಹೂಡಿಯೂ ನೋಡುತ್ತಾನೆ. ಎತ್ತಿಗೆ ಕೊಡುವ ಅಷ್ಟು ಪರೀಕ್ಷೆಯ ಗೌರವ ಮಕ್ಕಳಿಗೂ ಸಿಗಲಿ ಎಂದು ಕೇಳುವುದು ಹೆಚ್ಚಲ್ಲ.

ಪರೀಕ್ಷೆಗೆ ದುಡ್ಡು ಬೇಕಿಲ್ಲ. 30 ಮೀಟರ್ ಓಡಿಸಿ ಗಡಿಯಾರ ಹಿಡಿಯಿರಿ. ಸ್ವಲ್ಪ ಬಿಡುವು ಕೊಟ್ಟು ಅದನ್ನೇ ಆರೇಳು ಸಲ ಓಡಿಸಿ, ಕೊನೆಯ ಓಟ ಮೊದಲನೆಯದಕ್ಕಿಂತ ಎಷ್ಟು ನಿಧಾನವಾಯಿತು ನೋಡಿ. ತಾಳಿಕೆ ಅಲ್ಲಿ ಕಾಣುತ್ತದೆ. ಒಂಟಿ ಕಾಲಿನಲ್ಲಿ ಕುಳಿತು ಏಳಲು ಹೇಳಿ, ಮೊಣಕಾಲು ಒಳಕ್ಕೆ ವಾಲುತ್ತದೆಯೇ ಗಮನಿಸಿ. ಒಂಟಿ ಕಾಲಿನಲ್ಲಿ ಜಿಗಿದು ಅದೇ ಕಾಲಿನಲ್ಲಿ ನಿಲ್ಲಿಸಿ, ಎಡಕ್ಕೂ ಬಲಕ್ಕೂ ಹೋಲಿಸಿ. ಕಡೆಗೆ ಚೆಂಡು ಕೊಟ್ಟು ಆಡಿಸಿ, ಅದೂ ಒಂದೇ ದಿನವಲ್ಲ, ಬೇರೆ ಬೇರೆ ದಿನ. ತೊಡೆಯ ಹಿಂಭಾಗ ಗಟ್ಟಿಮಾಡಲು ತಾಲೀಮಿನ ಮೆತ್ತನೆಯ ಮಣ್ಣಿಗಿಂತ ಒಳ್ಳೆಯ ಜಾಗ ಬೇಡ. ಹುಡುಗ ಮೊಣಕಾಲೂರಿ ನಿಲ್ಲಲಿ, ಗೆಳೆಯ ಅವನ ಹಿಮ್ಮಡಿ ಒತ್ತಿ ಹಿಡಿಯಲಿ, ಹುಡುಗ ಮೈ ನೆಟ್ಟಗಿಟ್ಟುಕೊಂಡು ಮೆಲ್ಲಗೆ ಮುಂದಕ್ಕೆ ಇಳಿಯುತ್ತ ಬೀಳುವುದನ್ನು ತಡೆದುಕೊಳ್ಳಲಿ. ಈ ಒಂದು ವ್ಯಾಯಾಮ ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧದಷ್ಟು ಇಳಿದಿವೆ. ಅದು ತಾಲೀಮಿನ ಶಿಸ್ತಿಗೆ ಹೊಂದುವ ವ್ಯಾಯಾಮವೇ.

ಕಾಲು ನಿಜವಾಗಿಯೂ ಬಡಕಲಾಗಿದ್ದರೆ ಆ ಮಗುವಿಗೆ ಹೊಟ್ಟೆತುಂಬ ಊಟ ಸಿಗುತ್ತಿದೆಯೇ ಎಂದು ಮೊದಲು ಕೇಳಬೇಕು. 2024ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಏರ್ಪಾಡು ಶುರುವಾಯಿತು. ಬಡಕಲು ಕಾಲಿಗೆ ಮದ್ದು ಅನ್ನ, ಬೇಳೆ, ಮೊಟ್ಟೆ, ನಿದ್ದೆ. ಗೆರೆಯಾಚೆಯ ಜಾಗ ಅದಕ್ಕೆ ಮದ್ದಲ್ಲ.

ಮುಂದಿನ ತಾಲ್ಲೂಕು ಕ್ರೀಡಾಕೂಟಕ್ಕೆ ತಂಡ ಆರಿಸುವ ಮಾಸ್ತರರಲ್ಲಿ, ಅಂಚಿನಲ್ಲಿ ನಿಂತು ಸಲಹೆ ಕೊಡುವ ಹಿರಿಯರಲ್ಲಿ ನನ್ನ ಕೋರಿಕೆ ನೇರವಾಗಿದೆ. ಓಡಿಸಿ, ಜಿಗಿಸಿ, ಆಡಿಸಿ, ಹಿಂದಿನ ನೋವು ಕೇಳಿ, ಹುಟ್ಟಿದ ತಿಂಗಳು ನೋಡಿ, ಆಮೇಲೆ ಹೆಸರು ಬರೆಯಿರಿ. ತೆಳ್ಳನೆಯ ಕಾಲಿನವನು ಈ ಪರೀಕ್ಷೆಯಲ್ಲಿ ಸೋತರೆ ಆ ಸೋಲು ಅವನದು, ಮುಂದಿನ ವರ್ಷ ಮತ್ತೆ ಬರಬಹುದು. ಪರೀಕ್ಷೆಯನ್ನೇ ಕೊಡದೆ ಅವನನ್ನು ಕೂರಿಸಿದರೆ ಆ ತಪ್ಪು ನಮ್ಮದು, ಅದನ್ನು ಅವನ ಕಾಲಿನ ಮೇಲೆ ಹೊರಿಸುವ ಹಕ್ಕು ನಮಗಿಲ್ಲ.